ಸೋಯ್ಲಾಳ ಬಾಯಿ

ಸೋಯ್ಲಾ ಲೆಸ್ಕಾಯ್ ಬಾಯಿ ತೆರೆದಳೆಂದರೆ ಕೈಮನೇರಾದ ಅರ್ಧ ಊರಿಗೆ ಕೇಳುತ್ತಿತ್ತು. ಇದು ಚಾಡಿಯಲ್ಲ, ಇದ್ದ ಮಾತು. ವಯಸ್ಸಿದ್ದ ಕಾಲವನ್ನೆಲ್ಲ ಅವಳು ಉಪ್ಪಿನ ಆಗರದಲ್ಲಿ ಕಳೆದವಳು. ಅಲ್ಲಿ ಒಂದು ಕಂಬಕ್ಕೆ ಹಳೇ ರೈಲು ಹಳಿಯ ತುಂಡನ್ನು ತೂಗುಹಾಕಿದ್ದರು, ಈಗಲೂ ಇದೆ. ಮಳೆಮೋಡ ಕಂಡರೆ ಸಲಾಕೆಯಿಂದ ಅದನ್ನು ಬಡಿಯಬೇಕು. ಆ ಸದ್ದು ಕೇಳಿದರೆ ಬೀದಿಯಲ್ಲಿದ್ದವರು, ಊಟಕ್ಕೆ ಕೂತವರು, ಮೈಗೆ ಸೋಪು ಹಚ್ಚಿಕೊಂಡವರು ಕೂಡ ಎದ್ದು ಓಡಿಬಂದು ಉಪ್ಪಿನ ರಾಶಿಗೆ ತಾಡಪಾಲು ಹೊದಿಸಬೇಕು. ಇಲ್ಲದಿದ್ದರೆ ತಿಂಗಳುಗಟ್ಟಲೆ ದುಡಿದದ್ದೆಲ್ಲ ನೀರುಪಾಲು. ಹಳಿ ಬಡಿಯುವ ಕೆಲಸ ಸೋಯ್ಲಾಳದು. ಬಡಿಯುತ್ತಲೇ ಕೂಗುತ್ತಲೂ ಇದ್ದಳು. ಇವಳ ಗಂಟಲಿರುವಾಗ ಹಳಿ ಯಾತಕ್ಕೆ ದಂಡ ಎಂದು ಮೇಸ್ತ್ರಿ ಗೊಣಗುತ್ತಿದ್ದ.

ಅವಳಿಗೆ ನಿವೃತ್ತಿ ಸಿಕ್ಕಿತು, ಗಂಟಲಿಗೆ ಸಿಗಲಿಲ್ಲ. ಸಂಜೆಯಾದರೆ ಸಾಕು, ದೋಣಿಕಟ್ಟೆಗೆ ಬಂದು ನಿಂತು ಪಕ್ಕದ ಮನೆಯ ಮಿಗ್ದಾಲಿಯಾಳ ಜೊತೆ ಜಗಳಕ್ಕೆ ಶುರುವಿಟ್ಟುಕೊಳ್ಳುವಳು. ಕೈಗಡ ಕೊಟ್ಟ ಕಾಫಿಪುಡಿ, ಬ್ರೆಡ್ಡಿನ ಸಾಲಿನಲ್ಲಿ ಯಾರು ಮೊದಲು ನಿಂತರು, ಯಾರ ಕೋಳಿ ಯಾರ ಹಿತ್ತಲು ಕೆದಕಿತು, ಯಾವುದಾದರೂ ಆದೀತು. ಜಗಳ ಎಷ್ಟು ಹಳೆಯದೆಂದರೆ ಅದರಲ್ಲಿ ಸರಿ ಯಾರು ತಪ್ಪು ಯಾರು ಎಂಬುದು ಅವರಿಬ್ಬರಿಗೂ ಮರೆತಿತ್ತು. ಅಲ್ಲೇ ಮರದಡಿ ಡೊಮಿನೊ ಆಡುವ ಗಂಡಸರು ತಲೆ ಕೂಡ ಎತ್ತುತ್ತಿರಲಿಲ್ಲ. ಎವೇಲಿಯೊನ ದೋಣಿ ಬಂದು ಕಟ್ಟೆಗೆ ತಾಗಿದ ಮೇಲೆ ಜಗಳ ತಾನಾಗಿ ನಿಲ್ಲುವುದು. ಗಂಡನ ಮೀನಿನ ಬುಟ್ಟಿಗೆ ಒಂದು ಕೈ ಹಾಕಿ ಎತ್ತಿಕೊಂಡು ಸೋಯ್ಲಾ ಮನೆಗೆ ಹೋಗುವಳು.

ಎಲ್ಲ ದೋಣಿಗಳೂ ಕತ್ತಲಿಗೆ ಮುಂಚೆ ಕಟ್ಟೆಗೆ ಬಂದಿರಬೇಕು. ಅದು ಇಲ್ಲಿಯ ಕಟ್ಟಳೆ. ಕೊಲ್ಲಿಯ ನಡುವೆ ಗಡಿ ತೋರಿಸುವ ತೇಲುಬುರುಡೆಗಳ ಸಾಲೊಂದಿದೆ. ಅದರ ಈಚೆ ನಮ್ಮದು, ಆಚೆ ಅಮೆರಿಕದವರ ನೌಕಾನೆಲೆ. ಗ್ವಾಂಟಾನಮೋ ಎಂದರೆ ಸಾಕು, ಹೊರಗಿನವರು ಹುಬ್ಬೇರಿಸಿ ಜೈಲಿನ ಸಂಗತಿ ಕೇಳುತ್ತಾರೆ, ನಾವೇ ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರ ಹಾಗೆ. ಕೈಮನೇರಾದವರು ಅದನ್ನು ಜೈಲೆಂದೂ ಕರೆಯುವುದಿಲ್ಲ, ನೆಲೆಯೆಂದೂ ಕರೆಯುವುದಿಲ್ಲ. "ಆ ಕಡೆ" ಎನ್ನುತ್ತಾರೆ, ಅಷ್ಟೆ. ಬುರುಡೆ ದಾಟಿ ಆ ಕಡೆ ಹೋದವನು ಬದುಕಿದರೂ ಊರಿಗೆ ಸತ್ತಂತೆ. ಬೇಕೆಂದೇ ಹೋದನೋ ದಾರಿ ತಪ್ಪಿ ಹೋದನೋ ಎಂದು ಯಾರೂ ವಿಚಾರಿಸುವುದಿಲ್ಲ.

ಇದು ಸೋಯ್ಲಾಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಅಣ್ಣ ರಮೀರೊ ಮೀಸೆ ಮೂಡುವ ವಯಸ್ಸಿನಲ್ಲಿ ಒಂದು ದಿನ ಮೀನಿಗೆ ಹೋದವನು ಬರಲಿಲ್ಲ. ಬುರುಡೆಗಳ ಹತ್ತಿರ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ನೀರಿಗೆ ಹಾರಿ ಈಜಿಕೊಂಡು ಆ ಕಡೆ ಸೇರಿದ ಎಂದು ಊರು ತೀರ್ಮಾನ ಮಾಡಿತು. ನಿಜ ಸಂಗತಿ ಮನೆಯವರಿಗೆ ಮಾತ್ರ ಗೊತ್ತಿತ್ತು: ರಮೀರೊಗೆ ಮೂರ್ಛೆ ಬರುತ್ತಿತ್ತು. ಅವನು ಬಿದ್ದು ಒದ್ದಾಡುವಾಗ ತಲೆಗೆ ಪೆಟ್ಟಾಗದ ಹಾಗೆ ತೊಡೆಯ ಮೇಲಿಟ್ಟು ಹಿಡಿಯುತ್ತಿದ್ದವಳು ಪುಟ್ಟ ಸೋಯ್ಲಾಳೇ. ಹೇಳಿದರೆ ದೋಣಿಯ ಪರವಾನಗಿ ಕಿತ್ತುಕೊಳ್ಳುತ್ತಾರೆಂದು ತಾಯಿ ಮುಚ್ಚಿಟ್ಟಿದ್ದಳು. ಹುಡುಗ ಹೋದ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ಓಡಿಹೋದ ಮಗನಿಗೆ ರೋಗದ ನೆಪ ಕಟ್ಟಿದಳು ಎನ್ನುತ್ತಿದ್ದರು. ತಾಯಿ ತುಟಿ ಹೊಲಿದುಕೊಂಡೇ ಬಾಳಿ, ಹಾಗೆಯೇ ಹೋದಳು. ಓಡಿಹೋದವನ ತಂಗಿ ಎಂಬ ಹೆಸರು ಹೊತ್ತು ಸೋಯ್ಲಾ ದೊಡ್ಡವಳಾದಳು.

ಆ ತಾಯಿ ಮಗಳಿಗೆ ಬಿಟ್ಟುಹೋದದ್ದು ಒಂದು ನಂಬಿಕೆ. ಕಡಲಲ್ಲಿ ತಡವಾದವನಿಗಾಗಿ ದಂಡೆಯಲ್ಲಿ ನಿಂತು ದನಿ ಎತ್ತಬಾರದು, ಹೆಸರಂತೂ ಕೂಗಲೇಬಾರದು. ಕೂಗಿದರೆ ಅವನು ಎಷ್ಟು ಬೇಕಾದವನೆಂದು ನೀರಿಗೆ ತಿಳಿಯುತ್ತದೆ, ತಿಳಿದರೆ ಬಿಡುವುದಿಲ್ಲ. ಸಾಯುವ ತನಕ ಆಕೆಯನ್ನು ಕೊರೆದದ್ದು ಅದೇ: ರಮೀರೊ ಹೋದ ದಿನ ತಾನು ದಂಡೆಯಲ್ಲಿ ಕೂಗಿಬಿಟ್ಟೆ ಎಂದು.

ಈಗ ಎವೇಲಿಯೊನ ವಿಷಯ. ಎವೇಲಿಯೊ ಮಾತು ಕಡಿಮೆಯ ಮನುಷ್ಯ. ಮನೆಯ ಮಾತನ್ನೆಲ್ಲ ಹೆಂಡತಿಗೇ ಗುತ್ತಿಗೆ ಕೊಟ್ಟಿದ್ದ. ಅವನ ಎಡಗಣ್ಣಿನಲ್ಲಿ ಪೊರೆ ಬೆಳೆದಿತ್ತು. ನಮ್ಮ ಕಡೆಯ ಗ್ವಾಂಟಾನಮೋ ಪಟ್ಟಣದ ಆಸ್ಪತ್ರೆಯಲ್ಲಿ ತೆಗೆಸಬೇಕು ಎಂದಿದ್ದರು, ಮಸೂರ ಬರುವವರೆಗೆ ಕಾಯಿರಿ ಎಂದೂ ಹೇಳಿದ್ದರು. ಕಾಯುವಾಗ ಸುದ್ದಿ ಗಡಿಯ ಕಾವಲುಠಾಣೆಗೆ ಮುಟ್ಟಿದರೆ ಪರವಾನಗಿ ಹೋಯಿತು. ಹಾಗಾಗಿ ಅವನು ಮತ್ತೆ ಆಸ್ಪತ್ರೆಯತ್ತ ತಲೆ ಹಾಕಲಿಲ್ಲ. ಬಲಗಣ್ಣು ಚೆನ್ನಾಗಿದೆ, ಉಪ್ಪಿನ ಕಾರ್ಖಾನೆಯ ಗೋಪುರದ ಕೆಂಪು ದೀಪಕ್ಕೆ ಮೂತಿ ಇಟ್ಟರೆ ದೋಣಿ ತಾನೇ ಕಟ್ಟೆಗೆ ಬರುತ್ತದೆ ಎನ್ನುತ್ತಿದ್ದ. ಅದೂ ನಿಜವೇ. ಆ ದೀಪ ಊರಿನ ಆಸ್ಪತ್ರೆಗೆ ಹೋಗುವ ಕರೆಂಟಿನ ತಂತಿಯಲ್ಲಿತ್ತು. ಊರಿಗೆಲ್ಲ ಕರೆಂಟು ಹೋದರೂ ಅದಕ್ಕೆ ಹೋಗುತ್ತಿರಲಿಲ್ಲ. ನೆಲದ ಮೇಲೆ ಕೂರಿಸಿದರೆ ಈ ಮುದುಕ ಬಾಡಿಹೋಗುತ್ತಾನೆಂದು ಸೋಯ್ಲಾಳೂ ಬಾಯಿ ಮುಚ್ಚಿಕೊಂಡಿದ್ದಳು. ಊರಿನ ಗುಟ್ಟೆಲ್ಲ ಬೀದಿಗೆ ತರುವ ಹೆಂಗಸು ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಆ ದಿನ ಮಧ್ಯಾಹ್ನ ಕರೆಂಟು ಹೋಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ದಿನಾ ಹೋಗುವುದೇ. ಇಡೀ ದ್ವೀಪಕ್ಕೇ ಹೋಗಿದೆ, ರಾಜಧಾನಿ ಹವಾನಾ ಕೂಡ ಕತ್ತಲೆ ಎಂದು ಸಂಜೆ ಡೊಮಿನೊ ಆಡುವವರಲ್ಲೊಬ್ಬ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಹೇಳಿದ. ಹವಾನಾದವರೂ ಒಂದು ದಿನ ರುಚಿ ನೋಡಲಿ ಎಂದು ಉಳಿದವರು ನಕ್ಕರು. ಸೋಯ್ಲಾ ಕೂಡ ನಕ್ಕಳು. ಸೂರ್ಯ ಮುಳುಗಿದ ಮೇಲೆ ಗೋಪುರದತ್ತ ನೋಡಿದಳು. ಕೆಂಪು ದೀಪ ಹತ್ತಲಿಲ್ಲ.

ದೋಣಿಗಳು ಒಂದೊಂದಾಗಿ ಬಂದವು, ಎವೇಲಿಯೊನದು ಬರಲಿಲ್ಲ. ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ಅವನ ಬಲೆ ಸಿಕ್ಕಿಕೊಂಡಿತ್ತು, ಬಿಡಿಸುತ್ತಾ ಕೂತಿದ್ದ, ಬಾ ಅಂದರೂ ನೀವು ನಡೀರಿ ಅಂದ ಎಂದು ಕೊನೆಗೆ ಬಂದವರು ಹೇಳಿದರು. ಬಲೆ ಬಿಟ್ಟು ಬರುವ ಜಾತಿಯಲ್ಲ ಅದು. ಅಷ್ಟರಲ್ಲಿ ಊರು, ಆಗರ, ಕಟ್ಟೆ ಎಲ್ಲ ಮಸಿ ಬಳಿದ ಹಾಗಾಯಿತು. ನೀರಿನಾಚೆ ಮಾತ್ರ, ಆ ಕಡೆ, ಅವರ ಸ್ವಂತ ಕರೆಂಟಿನಲ್ಲಿ ದೀಪಗಳು ಸಾಲಾಗಿ ಹತ್ತಿಕೊಂಡವು. ಮದುವೆ ಚಪ್ಪರದ ಹಾಗೆ ಝಗಝಗ. ಆ ಬೆಳಕಿನಲ್ಲೇ ಎಲ್ಲೋ ಆ ಜೈಲೂ ಇತ್ತು. ಕೊಲ್ಲಿಯ ಸುತ್ತ ಎಲ್ಲಿ ನೋಡಿದರೂ ಬೆಳಕೆಂದರೆ ಅದೊಂದೇ.

ಒಂದೇ ಕಣ್ಣಿನ ಮನುಷ್ಯ. ದೀಪ ಕಂಡ ಕಡೆ ಮನೆ ಎಂದು ಹುಟ್ಟು ಹಾಕುವವನು. ಸೋಯ್ಲಾ ದೋಣಿ ಕಟ್ಟುವ ಗೂಟವನ್ನು ಹಿಡಿದುಕೊಂಡಳು.

ಮಿಗ್ದಾಲಿಯಾ ಎಂದಿನಂತೆ ಬಂದು, ತನ್ನ ಕಾಫಿಪುಡಿ ಈ ಜನ್ಮದಲ್ಲಿ ವಾಪಸು ಬರುತ್ತದೋ ಇಲ್ಲವೋ ಎಂದು ರಾಗ ತೆಗೆದಳು. ಸೋಯ್ಲಾ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ದನಿ ಎತ್ತಬೇಡ ಎಂದು ಸನ್ನೆ ಮಾಡಿದಳು. ಮಿಗ್ದಾಲಿಯಾಳಿಗೆ ಕತ್ತಲೆಗಿಂತ ಇದೇ ಹೆಚ್ಚು ಹೆದರಿಕೆಯಾಯಿತು. ಅವಳು ಪಕ್ಕದಲ್ಲಿ ಕುಕ್ಕರಿಸಿ ಕೂತು ಗೆಳತಿಯ ಲಂಗದ ತುದಿ ಹಿಡಿದುಕೊಂಡಳು. ಡೊಮಿನೊದವರೂ ಕಾಯಿ ಇಡುವುದನ್ನು ನಿಲ್ಲಿಸಿದರು. ಅಷ್ಟು ಸದ್ದಿಲ್ಲದ ಸಂಜೆಯನ್ನು ಆ ಕಟ್ಟೆ ಎಂದೂ ಕಂಡಿರಲಿಕ್ಕಿಲ್ಲ.

ಕಾವಲುಠಾಣೆ ಕಟ್ಟೆಯ ತಲೆಯಲ್ಲೇ ಇತ್ತು. ಅಲ್ಲಿಯ ಅಧಿಕಾರಿ ಯೋರ್ದಾನಿಸ್, ಓಲ್ಗಿನ್ ಊರಿನ ಕಡೆಯ ಹುಡುಗ, ಹೊಸಬ, ಮಾತಿನಲ್ಲಿ ಮರ್ಯಾದೆಯವನು. ಸೋಯ್ಲಾ ಹೋಗಿ ಬಾಗಿಲಲ್ಲಿ ನಿಂತಳು. ಒಂದು ದೋಣಿ ಬಂದಿಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು. ಮೇಲಿನವರಿಗೆ ತಿಳಿಸಿದ್ದೇನೆ, ಅಲ್ಲಿಂದ ಮಾತು ಬರುವ ತನಕ ಯಾರೂ ನೀರಿಗೆ ಇಳಿಯುವ ಹಾಗಿಲ್ಲ ಎಂದ. ಕಟ್ಟೆಯ ಮೇಲೆ ಬೆಂಕಿ ಹಾಕಲೇ ಎಂದು ಕೇಳಿದಳು. ಅದು ಆಗದ ಮಾತು. ಈ ದಂಡೆಯಲ್ಲಿ ಕತ್ತಲಲ್ಲಿ ಬೆಂಕಿ ಹಾಕಿದರೆ ಆ ಕಡೆಗೆ ಸಂಕೇತ ಕೊಟ್ಟಂತೆ. ಪಾಪ, ಕುರ್ಚಿ ಎಳೆದು ಕೂರಿಸಿದ, ತನ್ನ ಪಾಲಿನ ಕಾಫಿ ಬಗ್ಗಿಸಿ ಕೊಟ್ಟ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಯಜಮಾನ್ರು ಹೋಗುವಾಗ ಏನಾದ್ರೂ ಹೇಳಿ ಹೋದ್ರಾ? ಮನೇಲಿ ಮಾತುಗೀತು ಏನಾದ್ರೂ ಆಗಿತ್ತಾ?"

"ನಮ್ಮನೇಲಿ ಮಾತಾಡೋಳು ನಾನೊಬ್ಳೇ ಮಗಾ."

"ಅಲ್ಲ, ನಿಮ್ಮ ಅಣ್ಣ ಒಬ್ರು ಆ ಕಡೆ ಹೋಗಿದ್ರು ಅಂತ..."

ಈ ಹುಡುಗನ ಅಪ್ಪನೂ ಹುಟ್ಟಿರದ ಕಾಲದ ಮಾತು, ಓಲ್ಗಿನ್‌ನಿಂದ ಬಂದ ಹೊಸಬನ ಬಾಯಿಗೂ ಬಂದು ಕೂತಿದೆಯಲ್ಲ ಎಂದು ಸೋಯ್ಲಾಳಿಗೆ ಹೊಟ್ಟೆ ಉರಿಯಿತು. ಮುದುಕನಿಗೆ ಒಂದು ಕಣ್ಣು ಕಾಣಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ದೋಣಿ ಹೋಯಿತು. ಇನ್ನೇನು ಬಂದುಬಿಡಬಹುದು, ಬಂದ ಮೇಲೆ ಹೇಳಬೇಕಾದ್ದೇ ಇರಲಿಕ್ಕಿಲ್ಲ. ಅವಳು ಮಾತನ್ನು ಕಾಫಿಯ ಜೊತೆ ನುಂಗಿದಳು. ಆ ಹೊತ್ತಿಗೆ ಠಾಣೆಯ ಕಾವಲುಗೋಪುರದ ಮೇಲಿದ್ದವನು ಕೆಳಗೆ ಬಗ್ಗಿ ಹೇಳಿದ: ಆ ಕಡೆಯ ಬೆಳಕಿಗೆ ಅಡ್ಡವಾಗಿ ಕಾಣುತ್ತಿದೆ, ಬುರುಡೆಗಳ ಕಡೆಗೆ ಒಂದು ದೋಣಿ ಹೋಗುತ್ತಿದೆ, ಒಬ್ಬನೇ ಇದ್ದಾನೆ, ಹಿಂದೆ ನಿಂತು ಹುಟ್ಟು ಹಾಕುತ್ತಿದ್ದಾನೆ. ತೇಲಿ ಹೋಗುತ್ತಿಲ್ಲ, ಹುಟ್ಟು ಹಾಕಿಕೊಂಡೇ ಹೋಗುತ್ತಿದ್ದಾನೆ.

ಯೋರ್ದಾನಿಸನ ಮುಖ ಬದಲಾಯಿತು. ಅವನು ರೇಡಿಯೊದತ್ತ ಹೋದ. ಸೋಯ್ಲಾ ಎದ್ದು ಓಡಿದಳು.

ಮಂಡಿನೋವಿನ ಹೆಂಗಸು ಅಷ್ಟು ಬೇಗ ಆಗರ ಹೇಗೆ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಕಾಲಿಗೆ ದಾರಿ ಗೊತ್ತಿತ್ತು. ಕಂಬ ತಡವಿ, ಸಲಾಕೆ ತೆಗೆದು ಹಳಿ ಬಡಿದಳು. ಎರಡು ಕೈಯಲ್ಲೂ ಹಿಡಿದು ಬಡಿದಳು. ಹಳಿಗೆ ಬೆಂಕಿಯಿಲ್ಲ, ಸಂಕೇತವಿಲ್ಲ. ಮಳೆ ಬಂದರೆ ಬಡಿಯುವುದು, ಅದು ಯಾವ ಕಟ್ಟಳೆಯಲ್ಲೂ ತಪ್ಪಲ್ಲ. ಮಳೆಯೊಂದು ಇರಲಿಲ್ಲ, ಅಷ್ಟೆ. ಬಾಯಿಂದ ಮಾತ್ರ ಸೊಲ್ಲು ಹೊರಡಲಿಲ್ಲ, ತಾಯಿಯ ಮಾತು ಗಂಟಲಿಗೆ ಅಡ್ಡ ಕೂತಿತ್ತು.

ಊರು ಎದ್ದು ಬಂತು. ಬರದೇ ಏನು, ಹುಟ್ಟಿದಾಗಿನಿಂದ ಕೇಳಿದ ಸದ್ದು. ಸೀಮೆಎಣ್ಣೆ ಬುಡ್ಡಿ, ಟಾರ್ಚು, ಫೋನಿನ ಬೆಳಕು ಹಿಡಿದು, ಬಿದ್ದು ಎದ್ದು, ತಾಡಪಾಲಿನ ಮೂಲೆ ಯಾರ ಕೈಯಲ್ಲಿದೆ ಎಂದು ಬೈದಾಡುತ್ತಾ ರಾಶಿಗಳನ್ನು ಸುತ್ತುವರಿದರು. ಬೆಳಕು ಬಿದ್ದು ಉಪ್ಪಿನ ಗುಡ್ಡೆಗಳು ಬೆಳ್ಳಗೆ ಎದ್ದು ಕಂಡವು. ಆಮೇಲೆ ಒಬ್ಬೊಬ್ಬರಾಗಿ ಮೇಲೆ ನೋಡಿದರು. ತಲೆಯ ಮೇಲೆ ನಕ್ಷತ್ರಗಳು ತುಂಬಿಕೊಂಡಿದ್ದವು.

"ಮಳೆ ಎಲ್ಲೇ?" ಮಿಗ್ದಾಲಿಯಾ ಏದುಸಿರು ಬಿಡುತ್ತಾ ಬಂದು ಕೂಗಿದಳು. "ಹುಚ್ಚು ಹಿಡೀತೇನೇ ನಿಂಗೆ? ಚಪ್ಪಲಿ ಬಿಟ್ಟು ಓಡಿ ಬಂದಿದೀನಿ ಕಣೇ, ಕಾಲೆಲ್ಲ ಕುಯ್ದು ಹೋಯ್ತು!"

ಸೋಯ್ಲಾಳಿಗೆ ಅದೇನಾಯಿತೋ. ಕಟ್ಟಿಕೊಂಡಿದ್ದದ್ದು ಒಡೆಯಿತು. ಚಪ್ಪಲಿಗೆ ಅಳ್ತೀಯಲ್ಲೇ ಕಂತ್ರಿ ಎಂದು ಶುರು ಮಾಡಿದವಳು ಕಾಫಿಪುಡಿ, ಕೋಳಿ, ಬ್ರೆಡ್ಡಿನ ಸಾಲು, ಏನೂ ಬಿಡಲಿಲ್ಲ. ಬೈಯುತ್ತಾ ಬೈಯುತ್ತಾ ನೀರಿನ ಕಡೆ ತಿರುಗಿ, ಅಳುತ್ತಾ, ತಾಯಿ ಬೇಡವೆಂದಿದ್ದ ಹೆಸರನ್ನು ಕೂಗಿಬಿಟ್ಟಳು. ಎವೇಲಿಯೊ, ಎವೇಲಿಯೊ ಎಂದು ಆಗರವೆಲ್ಲ ಮೊಳಗಿತು. ಆಗ ಜನಕ್ಕೆ ಅರ್ಥವಾಯಿತು. ಯಾರೂ ಮನೆಗೆ ಹೋಗಲಿಲ್ಲ, ಯಾರೂ ದೀಪ ಆರಿಸಲಿಲ್ಲ.

ದೋಣಿ ತಿರುಗಿತು ಎಂದು ಕಾವಲುಗೋಪುರದವನು ಕೂಗಿ ಹೇಳಿದ. ನಂಬಿಕೆ ಬರದೆ ಅವಳು ಇನ್ನೂ ಕೂಗುತ್ತಲೇ ಇದ್ದಳು. ಕಟ್ಟೆಗೆ ದೋಣಿಯ ಮೂತಿ ತಾಗುವ ಹೊತ್ತಿಗೆ ಗಂಟಲು ಒಡೆದು ಕಾಗೆಯ ದನಿಯಾಗಿತ್ತು.

ಎವೇಲಿಯೊ ಇಳಿದ. ಮೈಯೆಲ್ಲ ಕೆಸರು. ಯೋರ್ದಾನಿಸ್ ಅವನನ್ನು ಬೆಳಕಿಗೆ ಕರೆದು ನಿಲ್ಲಿಸಿದ. ಹಿಂದೆ ಊರೆಲ್ಲ ನಿಂತಿತ್ತು. ಬಲೆ ಸಿಕ್ಕಿಕೊಂಡಿತ್ತು, ತಡವಾಯಿತು ಎಂದ ಎವೇಲಿಯೊ. ಅದು ಸರಿ, ಆದರೆ ಆ ಕಡೆ ಯಾಕೆ ಹೋಗುತ್ತಿದ್ದಿರಿ ಎಂದು ಹುಡುಗ ಕೇಳಿದ. ಸೆಳೆತ ಎಂದ ಮುದುಕ. ಸೆಳೆತವಲ್ಲ, ನೀವೇ ಹುಟ್ಟು ಹಾಕುತ್ತಿದ್ದದ್ದನ್ನು ನಮ್ಮವನು ನೋಡಿದ್ದಾನೆ ಎಂದ ಹುಡುಗ. ಎವೇಲಿಯೊ ತಲೆ ತಗ್ಗಿಸಿದ. ಹಿಂದೆ ನಿಂತಿದ್ದ ಜನರಲ್ಲಿ ಗುಸುಗುಸು ಎದ್ದಿತು. ಆ ಗುಸುಗುಸು ಸೋಯ್ಲಾಳಿಗೆ ಚೆನ್ನಾಗಿ ಗುರುತಿತ್ತು. ಅಣ್ಣ ಹೋದ ವಾರ ಬೀದಿಯಲ್ಲಿ ಅವಳ ಹಿಂದೆ ಬರುತ್ತಿದ್ದದ್ದು ಅದೇ.

"ಅವನಿಗೆ ಕಣ್ಣಿಲ್ಲ ಮಗಾ," ಅಂದಳು. ದನಿ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿತು. "ಪೊರೆ ಬಂದಿದೆ. ಒಂದಲ್ಲ, ಎರಡೂ ಕಣ್ಣು ಹೋಗಿವೆ. ಪರವಾನಗಿ ಕಿತ್ಕೋತೀರ ಅಂತ ಹೇಳಿಲ್ಲ. ಕೆಂಪು ದೀಪ ಇರ್ಲಿಲ್ಲ, ಎಲ್ಲಿ ಬೆಳಕಿದೆಯೋ ಅದೇ ಮನೆ ಅಂದ್ಕೊಂಡ. ನಮ್ಮಣ್ಣನೂ ಓಡಿ ಹೋದವನಲ್ಲ. ಅವನಿಗೆ ಮೂರ್ಛೆ ಬರ್ತಿತ್ತು. ಅದನ್ನೂ ನಾವು ಹೇಳ್ಲಿಲ್ಲ."

ಎರಡೂ ಕಣ್ಣು ಎಂದದ್ದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಒಂದು ಕಣ್ಣು ಎಂದರೆ ನಂಬುತ್ತಾರೋ ಇಲ್ಲವೋ ಎಂದು ಇನ್ನೊಂದನ್ನೂ ಸೇರಿಸಿದ್ದಳು. ಎವೇಲಿಯೊ ಅವಳ ಕಡೆ ಮುಖ ತಿರುಗಿಸಿದ. ಯೋರ್ದಾನಿಸ್ ಟಾರ್ಚು ಎತ್ತಿ ಅವನ ಕಣ್ಣಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿ, ಮೆತ್ತಗೆ, ಪರವಾನಗಿ ಕೊಡಿ ತಾತ, ಕಣ್ಣು ಸರಿ ಮಾಡಿಸಿಕೊಂಡು ಬಂದು ಕೇಳಿ ಎಂದ. ಮುದುಕ ಅಂಗಿಯ ಜೇಬಿನಿಂದ ಅದನ್ನು ತೆಗೆದು ಮುಂದೆ ಚಾಚಿದ. ಹುಡುಗನ ಕೈ ಇದ್ದದ್ದು ಬಲಕ್ಕೆ, ಇವನು ಚಾಚಿದ್ದು ಎಡಕ್ಕೆ, ಗಾಳಿಗೆ. ಭಲೇ ಮುದುಕಾ, ನಾಟಕ ಚೆನ್ನಾಗಿ ಆಡ್ತೀಯ ಎಂದು ಸೋಯ್ಲಾ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಎವೇಲಿಯೊ ಮಾತು ಬಿಟ್ಟ. ಮೊದಲೇ ಕಡಿಮೆ, ಈಗ ಇಲ್ಲವೇ ಇಲ್ಲ. ಅನ್ನ ಹುರುಳಿ ಹಾಕಿ ತಟ್ಟೆ ಮುಂದಿಟ್ಟರೆ ತಿನ್ನುವನು, ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುವನು. ಊರಿನವರು ಬಂದು ರಮೀರೊನ ಮಾತು ಎತ್ತಿ, ಮೂರ್ಛೆ ಬರ್ತಿತ್ತಂತಲ್ಲ, ಪಾಪ, ಎಂದು ಸೋಯ್ಲಾಳ ಕೈ ಹಿಡಿದು ಹೋದರು. ಅಷ್ಟು ವರ್ಷ ಆ ಹೆಸರನ್ನೇ ಎತ್ತದವರು. ಅವಳು ಒಲೆಯ ಮುಂದೆ ನಿಂತು ಅತ್ತಳು. ಆದರೆ ಬಾಗಿಲಲ್ಲಿ ಕೂತ ಗಂಡನ ಬೆನ್ನು ನೋಡಿದಾಗಲೆಲ್ಲ, ಅಣ್ಣನನ್ನು ವಾಪಸು ತಂದು ಇವನನ್ನು ಕಳೆದುಕೊಂಡೆನೇನೋ ಎಂದು ದಿಗಿಲಾಗುತ್ತಿತ್ತು. ಅಂಥ ಸುಳ್ಳು ಹೇಳದೆ, ಒಂದು ಕಣ್ಣು ಎಂದೇ ಹೇಳಿದ್ದರೆ ಪರವಾನಗಿ ಉಳಿಯುತ್ತಿತ್ತೋ ಏನೋ.

ಕೆಲವು ದಿನದ ಮೇಲೆ ಕರೆಂಟು ಬಂತು. ಸಂಜೆ ಗೋಪುರದ ಕೆಂಪು ದೀಪ ಹತ್ತಿತು, ಎವೇಲಿಯೊ ಕೂತಿದ್ದ ಬಾಗಿಲಿಗೆ ಸರಿಯಾಗಿ ಎದುರಿಗೆ. ಅವನ ಮುಖ ಅದರ ಕಡೆಗೇ ಇತ್ತು.

"ದೀಪ ಹತ್ತಿತೇನೇ?" ಎಂದು ಕೇಳಿದ. ಅವತ್ತಿನಿಂದ ಅವನಾಡಿದ ಮೊದಲ ಮಾತು ಅದು.

ಸೋಯ್ಲಾ ದೀಪ ನೋಡಿದಳು, ಅವನ ಮುಖ ನೋಡಿದಳು. ಗಾಳಿಗೆ ಚಾಚಿದ ಕೈ ನೆನಪಾಯಿತು. ಅಲ್ಲೇ ಹೊಸ್ತಿಲ ಮೇಲೆ ಅವನ ಪಕ್ಕ ಕೂತಳು.

"ಕಾಣಲ್ವಾ ನಿಂಗೆ?"

"ಕಾಣದೆ ವರ್ಷದ ಮೇಲಾಯ್ತು. ಬೆಳಕು ಜಾಸ್ತಿ ಇದ್ರೆ ಮಬ್ಬಾಗಿ ಗೊತ್ತಾಗತ್ತೆ, ಅಷ್ಟೇ. ಹೇಳಿದ್ರೆ ನೀನು ಕಳಿಸ್ತಿರ್ಲಿಲ್ಲ."

"ಮತ್ತೆ ದಿನಾ ಹೆಂಗೆ ಬರ್ತಿದ್ಯೋ ಪಾಪಿ?"

ಎವೇಲಿಯೊ ಅಂಗೈಯಿಂದ ಮುಖ ಒರೆಸಿಕೊಂಡ. "ನೀನು ಮಿಗ್ದಾಲಿಯಾ ಹತ್ರ ಜಗಳ ಆಡ್ತಿದ್ಯಲ್ಲ. ನೀರ ಮೇಲೆ ಎಲ್ಲಿಗಾದ್ರೂ ಕೇಳತ್ತೆ. ಆ ದನಿ ಬಂದ ಕಡೆ ಹುಟ್ಟು ಹಾಕ್ತಿದ್ದೆ. ಅವತ್ತೂ ಕಿವಿ ಕೊಟ್ಕೊಂಡು ಎಷ್ಟು ಹೊತ್ತು ಕಾದೆ ಗೊತ್ತಾ? ಕೊನೆಗೆ ಬೆಳಕು ಮಬ್ಬಾಗಿ ಗೊತ್ತಾದ ಕಡೆ ಹೊರಟೆ. ನೀನು ಬಾಯೇ ಬಿಡ್ಲಿಲ್ಲ."

ಗೂಟ ಹಿಡಿದುಕೊಂಡು ನಿಂತದ್ದು, ಮಿಗ್ದಾಲಿಯಾಳ ಬಾಯಿಗೆ ಕೈ ಅಡ್ಡ ಇಟ್ಟದ್ದು, ಇಡೀ ಕಟ್ಟೆ ಅವಳಿಗಾಗಿ ಸುಮ್ಮನಾದದ್ದು ಎಲ್ಲ ಸೋಯ್ಲಾಳ ಕಣ್ಣ ಮುಂದೆ ಬಂತು. ಅಮ್ಮ ಕೂಗಿದ್ದರಿಂದ ರಮೀರೊ ಹೋದದ್ದಲ್ಲ. ಕೂಗಿದ್ದು ತಪ್ಪೇ ಅಲ್ಲ ಅಮ್ಮಾ ಎಂದು ಹೇಳಲು ಅಮ್ಮ ಇರಲಿಲ್ಲ.

ಗೋಡೆಯಾಚೆ ಪಾತ್ರೆ ಇಟ್ಟ ಸದ್ದಾಯಿತು. ಬೆಳಿಗ್ಗೆಯಿಂದ ತನ್ನ ಕೆಂಪು ಕೋಳಿ ಕಾಣುತ್ತಿಲ್ಲ, ಅದು ಯಾರ ಹಿತ್ತಲಲ್ಲಿದೆಯೆಂದು ತನಗೆ ಗೊತ್ತಿದೆ ಎಂದು ಮಿಗ್ದಾಲಿಯಾ ಯಾರಿಗೂ ಅಲ್ಲದ ಹಾಗೆ ಗಟ್ಟಿಯಾಗಿ ಹೇಳಿಕೊಂಡಳು. ಸೋಯ್ಲಾ ಕಣ್ಣೀರು ಒರೆಸಿಕೊಂಡಳು.

"ಉತ್ತರ ಕೊಡೇ," ಎಂದ ಎವೇಲಿಯೊ.

ಅವಳು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತು, ಒಡೆದ ಗಂಟಲಿನಲ್ಲೇ ಶುರು ಮಾಡಿದಳು. ಮುದುಕ ಸ್ಟೂಲನ್ನು ಅವಳ ದನಿಯ ಕಡೆ ತಿರುಗಿಸಿ ಹಾಕಿಕೊಂಡು ಕೂತ.